ಘಾಟಿ ಮಾತು, ಭಾಗ 4: ನ್ಯೂಟ್ರಲ್ ಉಳಿತಾಯ ಅಲ್ಲ ಮಾರಾಯ್ರೇ

ಕಾಫಿ ಕೊಯ್ಲು ಶುರುವಾದ್ರೆ ಹೊರನಾಡು–ಕಳಸ ಕಡೆ ಲೋಡ್ ಟ್ರ್ಯಾಕ್ಟರ್‌ಗಳದ್ದೇ ಓಡಾಟ. ಇಳಿಜಾರು ಬಂದ ಕೂಡ್ಲೇ ಕೆಲವರು ನ್ಯೂಟ್ರಲ್‌ಗೆ ಹಾಕಿ ಬಿಡ್ತಾರೆ. ಕೇಳಿದ್ರೆ, "ಡೀಸೆಲ್ ಉಳೀತದೆ."

ನಾನು ಬಿಕಾಂ ಓದ್ತಿರೋನು, ಲೆಕ್ಕ ಸ್ವಲ್ಪ ನಂಗೂ ಬರ್ತದೆ. ಈ ಲೆಕ್ಕ ತಪ್ಪು.

ಗೇರಲ್ಲಿ, ಆಕ್ಸಿಲರೇಟರ್ ಬಿಟ್ಟು ಇಳಿದ್ರೆ ಇಂಜಿನ್‌ಗೆ ಡೀಸೆಲ್ ಹೋಗೋದೇ ಇಲ್ಲ ಅನ್ನೋಷ್ಟು ಕಮ್ಮಿ. ನ್ಯೂಟ್ರಲಲ್ಲಿ ಇಂಜಿನ್ ಓಡ್ತಾ ಇರೋಕೆ ಡೀಸೆಲ್ ಬೇಕೇ ಬೇಕು. ಗೇರಲ್ಲಿದ್ರೆ ಇಂಜಿನ್ನೇ ಗಾಡಿಯನ್ನ ಹಿಡಿದಿಡ್ತದೆ. ನ್ಯೂಟ್ರಲ್ ಮಾಡಿದ್ರೂ, ಕ್ಲಚ್ ಒತ್ತಿದ್ರೂ ಪೂರ್ತಿ ಭಾರ ಬ್ರೇಕ್ ಮೇಲೆ. ಎಷ್ಟೋ ಟ್ರೈಲರ್‌ಗೆ ಬ್ರೇಕೇ ಇರಲ್ಲ. ಹಿಂದಿನ ಲೋಡ್ ತಳ್ಳಿ, ತಿರುವಲ್ಲಿ ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸ್ತದೆ.

ಇಳಿಯೋಕೆ ಮೊದ್ಲೇ ಸಣ್ಣ ಗೇರ್ ಹಾಕಿ. ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಿ. ಒಂದೇ ಒತ್ತಿದ್ರೆ ಗಾಡಿ ಒಂದೇ ಕಡೆ ಎಳೀತದೆ.

ಲೋಡ್ ಮೇಲೆ ಜನ ಕೂರಿಸೋದೇ ತಪ್ಪು. ಆದ್ರೂ ಕೂರಿಸ್ತೀವಿ. ಮಗುಚಿದ್ರೆ ಮೊದ್ಲು ಬೀಳೋದು ಅವ್ರೇ. ಅದನ್ನ ಯಾವ ಲೆಡ್ಜರಲ್ಲಿ ಬರಿಯೋದು?

ಮನೇಲಿ ಟ್ರ್ಯಾಕ್ಟರ್ ಇರೋರು ಇವತ್ತೇ ಅಪ್ಪಂಗೆ, ಡ್ರೈವರ್ ಅಣ್ಣಂಗೆ ಹೇಳಿ. ಬೈದ್ರೆ ಬೈಸ್ಕೊಳ್ಳಿ, ಪರವಾಗಿಲ್ಲ.

#ಘಾಟಿಮಾತು #ಹೊರನಾಡು #ಮಲೆನಾಡು