ಪುಕ್ಕಟೆ ಅಂದ್ರೆ ಯಾರಿಗೆ ಪುಕ್ಕಟೆ?



ಹೋದ ಭಾನುವಾರ ನನ್ನ ಮಗಳು ಕೇಳಿದಳು, "ಅಪ್ಪ, ನೀನು ಸಂಘಟನೆ ಅಂತ ಊರೂರು ತಿರುಗ್ತೀಯ. ನಮ್ಮನ್ನ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ದೀಯಾ?" ಏಳನೇ ಕ್ಲಾಸಿನ ಹುಡುಗಿ. ಆಫೀಸಿನಲ್ಲಿ ಎಂಥೆಂಥ ಫೈಲಿಗೆ ಉತ್ತರ ಬರೆದಿದ್ದೀನಿ, ಇದಕ್ಕೆ ಮಾತ್ರ ಉತ್ತರ ಹೊಳೀಲಿಲ್ಲ.

ಯುಗಾದಿಯಿಂದ ಬಸವ ಜಯಂತಿವರೆಗೆ ನಮ್ಮ ಶಿಕಾರಿಪುರ, ಸೊರಬದ ಕಡೆ ಜಾತ್ರೆ-ತೇರಿನ ಕಾಲ. ಚೈತ್ರದ ಹುಣ್ಣಿಮೆಗೆ ಶಿಕಾರಿಪುರದಲ್ಲಿ ಹುಚ್ಚರಾಯಸ್ವಾಮಿ ತೇರು. ಅದೇ ಹುಣ್ಣಿಮೆಗೆ ಅಕ್ಕಮಹಾದೇವಿ ಜಯಂತಿ. ಅದರ ಹಿಂದುಮುಂದೆಯೇ ಏಪ್ರಿಲ್ 14. ಯಾವುದಕ್ಕೂ ಟಿಕೆಟ್ ಇಲ್ಲ, ಎಲ್ಲಾ ಪುಕ್ಕಟೆ. ಆದ್ರೂ ನಮ್ಮ ಕೇರಿಯಿಂದ ಎಷ್ಟು ಮನೆಯವರು ಮಕ್ಕಳು ಮರಿ ಕಟ್ಕೊಂಡು 'ಸುಮ್ನೆ ನೋಡ್ಕೊಂಡು ಬರೋಣ' ಅಂತ ಹೊರಡ್ತಾರೆ?

ನಾನು ಚಿಕ್ಕವನಿದ್ದಾಗ ಜಾತ್ರೆ ಅಂದ್ರೆ ನಮಗೆ ಕೆಲಸ. ಅಪ್ಪ ತೇರಿನ ಮುಂದೆ ಹಲಗೆ ಬಡೀತಿದ್ದ. ಅವ್ವ ಮರುದಿನ ಉಂಡ ಎಲೆ ಎತ್ತೋಕೆ ಹೋಗ್ತಿದ್ದಳು. ಒಂದು ವರ್ಷ ಪಾನಕ ಹಂಚೋ ಜಾಗದಲ್ಲಿ ಎಲ್ಲ ಹುಡುಗರಿಗೂ ಲೋಟ ಕೊಟ್ಟರು, ನನಗೆ ಬೊಗಸೆ ಒಡ್ಡು ಅಂದರು. ಮೇಲಿಂದ ಸುರಿದ ಪಾನಕ ಮೊಣಕೈವರೆಗೆ ಇಳಿದು ಅಂಗಿಯೆಲ್ಲ ಅಂಟಂಟಾಯ್ತು. ಅಪ್ಪ ನೋಡಿದ. ಏನೂ ಅನ್ನದೆ ಹಲಗೆ ಕಾಯಿಸೋಕೆ ಹೋದ. ಆ ಪಾನಕವೂ ಪುಕ್ಕಟೆಯೇ. ಅಪ್ಪ ಅವ್ವನ ದುಡಿಮೆಯೂ ಹೆಚ್ಚುಕಡಿಮೆ ಪುಕ್ಕಟೆಯೇ.

ಇದಕ್ಕೇ ನನಗೆ ಮಹಾಡ್ ನೆನಪಾಗೋದು. ಕೆರೆ, ಬಾವಿ, ಶಾಲೆ ಎಲ್ಲರಿಗೂ ಅಂತ ಮುಂಬೈ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಆದ್ರೂ ಚವದಾರ್ ಕೆರೆ ನೀರು ಮುಟ್ಟೋಕೆ ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಕೊಂಡು ಹೋಗಬೇಕಾಯ್ತು, 1927ರ ಮಾರ್ಚ್ 20ಕ್ಕೆ. ಕಾಗದದ ಮೇಲೆ ಪುಕ್ಕಟೆ ಇದ್ದದ್ದು ನಮಗೆ ಪುಕ್ಕಟೆ ಸಿಗಲಿಲ್ಲ. ಆಮೇಲೆ ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಜೊತೆಗೆ ಜನ ಮನರಂಜನೆಗೆ ಸೇರೋ ಜಾಗಗಳೂ ಬಂದವು. ಅಂದ್ರೆ ಮಕ್ಕಳನ್ನ ತಿರುಗಾಡಿಸೋದು, ನಾಲ್ಕು ಜನರ ನಡುವೆ ಕೂತು ನಗೋದು ಕೂಡ ನಮ್ಮ ಹಕ್ಕು. ಯಾರ ಉಪಕಾರವೂ ಅಲ್ಲ.

ನಮ್ಮ ತಪ್ಪೂ ಇದೆ, ಹೇಳಿಬಿಡ್ತೀನಿ. ಏಪ್ರಿಲ್ 14ಕ್ಕೆ ನಾವು ಮಾಡೋದೇನು? ಶಾಮಿಯಾನ, ಮೈಕು, ಹಾರ, ವೇದಿಕೆ ಮೇಲೆ ಇಪ್ಪತ್ತು ಗಂಡಸರು, ಮೂರು ತಾಸು ಭಾಷಣ. ಹೆಣ್ಣುಮಕ್ಕಳು ಅಡುಗೆ ಕಡೆ. ನಮ್ಮನೆಯವಳು ಇಷ್ಟು ವರ್ಷದಲ್ಲಿ ಒಂದು ಜಯಂತಿಯಲ್ಲೂ ಕುರ್ಚಿ ಮೇಲೆ ನೆಮ್ಮದಿಯಾಗಿ ಕೂತಿಲ್ಲ. ಜಾತ್ರೆಯಲ್ಲಿ ಅವ್ವನಿಗೆ ಆದದ್ದೇ ನನ್ನ ಜಯಂತಿಯಲ್ಲಿ ಇವಳಿಗಾಯ್ತು.

ಹಾಗಾಗಿ ಈ ಸಲ ಏಪ್ರಿಲ್ 14 ಆದ ಮೇಲಿನ ಭಾನುವಾರ ಬುತ್ತಿ ಕಟ್ಕೊಂಡು ಹೊರಡೋಣ. ಮೈಕು ಬೇಡ, ಹಾರ ಬೇಡ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ ಓಡ್ತವೆ, ಅದಕ್ಕೆ ಶಕ್ತಿ ನಡೆಯಲ್ಲ. ಆಧಾರ್ ಕಾರ್ಡ್ ಇಟ್ಕೊಂಡು ಸ್ವಲ್ಪ ಕಾಯೋಣ.

ಮೊದಲು ಉಡುತಡಿ. ಅಕ್ಕ ಹುಟ್ಟಿದ ಊರು. ಅರಮನೆ ಬಿಟ್ಟು ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ನಡೆದವಳು. ಹೆಣ್ಣುಮಕ್ಕಳಿಗೆ ಯಾಕೆ ತಿರುಗಾಟ ಅನ್ನೋರಿಗೆ ಅವಳನ್ನ ತೋರಿಸಿ. ಇದೇ ತಾಲ್ಲೂಕಿನ ಹಿರೇಜಂಬೂರಿನ ಸತ್ಯಕ್ಕನ ಕಥೆಯನ್ನೂ ಮಕ್ಕಳಿಗೆ ಹೇಳಿ. ಅಂಗಳ ಗುಡಿಸೋದು ಅವಳ ಕಾಯಕ. ಲಂಚಕ್ಕೆ ಕೈ ಚಾಚಲ್ಲ ಅಂತ ವಚನ ಬರೆದಳು. ಕಸ ಗುಡಿಸಿದವಳೊಬ್ಬಳು ಹನ್ನೆರಡನೇ ಶತಮಾನದಲ್ಲಿ ಬರೆದದ್ದನ್ನ ಗುಮಾಸ್ತ ಆದ ನಾನು ದಿನಾ ನೆನಪಿಟ್ಕೋಬೇಕು.

ಆಮೇಲೆ ಬಳ್ಳಿಗಾವಿ, ಅಲ್ಲಮನ ಊರು. ಕೇದಾರೇಶ್ವರ ಗುಡಿ ಇದೆ. ಅಲ್ಲಿನ ಕೋಡಿಯ ಮಠದಲ್ಲಿ ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಹಾಕ್ತಿದ್ದರು, ರೋಗಿಗಳಿಗೆ ಮದ್ದು ಕೊಡ್ತಿದ್ದರು ಅಂತ 1162ರ ಶಾಸನ ಹೇಳುತ್ತೆ. ಆ ಸಾಲಿನಲ್ಲಿ ನಮ್ಮವರು ಕೂರಬಹುದಿತ್ತಾ? ಮಕ್ಕಳು ಈ ಪ್ರಶ್ನೆ ಕೇಳಲಿ. ಹತ್ತಿರದಲ್ಲೇ ತಾಳಗುಂದ. ಕಂಚಿಯಲ್ಲಿ ಅವಮಾನ ಆದ ಮಯೂರಶರ್ಮ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆ ಅಲ್ಲಿನ ಕಂಬದ ಮೇಲಿದೆ. ಅವನ ಅವಮಾನಕ್ಕೆ ಕಲ್ಲಿನ ಕಂಬ ಸಿಕ್ತು. ನನ್ನ ಅಪ್ಪನ ಅವಮಾನ ಯಾವ ಕಲ್ಲಿನಲ್ಲಿದೆ?

'ಗುಡಿ ಸುತ್ತಿಸಿದ್ರೆ ಮಕ್ಕಳಿಗೆ ಮೌಢ್ಯ ಅಂಟುತ್ತೆ' ಅಂತ ಕೆಲವು ಗೆಳೆಯರು ಹೇಳ್ತಾರೆ. ಅವರ ಆತಂಕ ಸುಳ್ಳಲ್ಲ. ನಮ್ಮ ಸೊರಬದ ಚಂದ್ರಗುತ್ತಿ ಇದೆಯಲ್ಲ. 1986ರ ಮಾರ್ಚ್‌ನಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋದ ದಲಿತ ಸಂಘರ್ಷ ಸಮಿತಿಯವರನ್ನ, ಪೊಲೀಸರನ್ನ ಹೊಡೆದು ಬಟ್ಟೆ ಕಿತ್ತರು. ಆ ಪೆಟ್ಟು ತಿಂದ ಮೇಲೆಯೇ ಸೇವೆ ನಿಷೇಧ ಆದದ್ದು. ಒಂದೇ ಸೀಮೆ ನೋಡಿ. ಅಕ್ಕ ತನ್ನ ಇಷ್ಟಕ್ಕೆ ಬಟ್ಟೆ ತೊರೆದಳು. ಚಂದ್ರಗುತ್ತಿಯಲ್ಲಿ ಹರಕೆ ಹೆಸರಲ್ಲಿ ಬಡ ಹೆಂಗಸರ ಬಟ್ಟೆ ಬಿಚ್ಚಿಸಿದರು. ಈ ವ್ಯತ್ಯಾಸ ನನ್ನ ಮಗಳಿಗೆ ನಾನು ಹೇಳದಿದ್ದರೆ ಬೇರೆ ಯಾರೋ ಬೇರೆ ಥರ ಹೇಳ್ತಾರೆ. ಕೈ ಮುಗಿಸೋಕೆ ಕರ್ಕೊಂಡು ಹೋಗ್ತಿಲ್ಲ, ಓದಿಸೋಕೆ ಹೋಗ್ತಿದ್ದೀನಿ.

ಆಡಳಿತದವರಿಗೂ ಒಂದು ಮಾತು. ಪ್ರವೇಶ ಉಚಿತ ಅಂತ ಬೋರ್ಡ್ ಹಾಕಿದ್ರೆ ಸಾಲದು. ಕುಡಿಯೋಕೆ ಎಲ್ಲರೂ ಕೈಯಿಡೋ ನಲ್ಲಿ, ಬೀಗ ಹಾಕದ ಹೆಣ್ಣುಮಕ್ಕಳ ಶೌಚಾಲಯ, ಒಂದಿಷ್ಟು ನೆರಳು, ಸಂಜೆ ವಾಪಸ್ ಬರೋಕೆ ಒಂದು ಸರ್ಕಾರಿ ಬಸ್ಸು ಬೇಕು. ತೇರಿನ ಮರುದಿನ ಬೀದಿ ಗುಡಿಸೋ ಪೌರಕಾರ್ಮಿಕರಿಗೆ, ಅವರ ಮಕ್ಕಳ ಜೊತೆ ತೇರು ನೋಡೋಕೂ ಒಂದು ದಿನ ರಜೆ ಬೇಕು. ಇದನ್ನ ಅರ್ಜಿ ಬರೆದು ಕೊಡ್ತೀನಿ, ಸಹಿ ಹಾಕೋರು ಬನ್ನಿ.

ಬರೋರು ಕಾಮೆಂಟಿನಲ್ಲಿ ತಿಳಿಸಿ. ಮನೆಯವರನ್ನ ಬಿಟ್ಟು ಒಬ್ಬೊಬ್ಬರೇ ಬರಬೇಡಿ. ಚಿತ್ರಾನ್ನ ನಾನೇ ಕಲಸ್ತೀನಿ, ನಮ್ಮನೆಯವಳು ಅವತ್ತು ಕೂತು ಉಣ್ಣಲಿ. ನೀರು ಕುಡಿಯೋಕೆ ಲೋಟ ಜಾಸ್ತಿ ತರ್ತೀನಿ.

ಜೈಭೀಮ್.