ಹುಟ್ಟು ಹಿಡಿಯಲು ತಡವೇನೂ ಆಗಿಲ್ಲ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವುದು ನಮ್ಮ ಹಿರಿಯರ ಮಾತು. ಆಟೋಟಗಳ ವಿಷಯ ಬಂದಾಗಲಂತೂ ತಂದೆ ತಾಯಂದಿರು ಈ ಗಾದೆಯನ್ನು ಮಂತ್ರದಂತೆ ಜಪಿಸುತ್ತಾರೆ. ಐದನೇ ವರ್ಷಕ್ಕೆ ಈಜು, ಆರಕ್ಕೆ ಟೆನಿಸ್, ಏಳಕ್ಕೆ ಕ್ರಿಕೆಟ್ ಶಿಬಿರ! ಸೇರಿಸಲಾಗದಿದ್ದರೆ 'ಅಯ್ಯೋ, ನಮ್ಮ ಹುಡುಗನಿಗೆ ಕಾಲ ಮೀರಿತು' ಎಂಬ ಕೊರಗು. ಎಸ್ಸೆಸ್ಸೆಲ್ಸಿ, ಪಿಯುಸಿ ಎಂದು ಪುಸ್ತಕದಲ್ಲೇ ಮುಳುಗಿದ ಹುಡುಗ ಹುಡುಗಿಯರು ಹದಿನೆಂಟು ತುಂಬಿ ತಲೆ ಎತ್ತುವ ಹೊತ್ತಿಗೆ, ಆಟದ ಬಾಗಿಲು ತಮಗೆ ಮುಚ್ಚಿಹೋಯಿತೆಂದೇ ತಿಳಿದುಬಿಡುತ್ತಾರೆ.

ಎಲ್ಲ ಆಟಗಳ ಬಾಗಿಲೂ ಹಾಗೆ ಮುಚ್ಚುವುದಿಲ್ಲ. ಬೆಳೆದು ದೊಡ್ಡವರಾದ ಮೇಲೆ ಬಂದವರನ್ನೂ ಕರೆದು ಕೂರಿಸಿಕೊಳ್ಳುವ ಒಂದು ಕ್ರೀಡೆ ರೋಯಿಂಗ್, ಅಂದರೆ ಹುಟ್ಟು ಹಾಕಿ ದೋಣಿ ಓಡಿಸುವ ಸ್ಪರ್ಧೆ.

ದತ್ತು ಬೋಕನಾಳ್ ಅವರ ಕಥೆಯನ್ನೇ ನೋಡಿ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರಪೀಡಿತ ಪ್ರದೇಶದ ಹಳ್ಳಿಯೊಂದರ ಹುಡುಗ. ತಂದೆಯೊಡನೆ ಬಾವಿ ತೋಡುವ ಕೆಲಸ ಮಾಡಿದವರು. ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ದೋಣಿಯ ಮಾತೆಲ್ಲಿ? 2012ರಲ್ಲಿ ಸೇನೆಗೆ ಸೇರಿದ ಮೇಲೆ, ಇಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರ ಕೈಗೆ ಹುಟ್ಟು ಬಂತು. ನಾಲ್ಕೇ ವರ್ಷದಲ್ಲಿ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಒಂಟಿ ದೋಣಿಯ ಸ್ಪರ್ಧೆಯಲ್ಲಿ ಅವರು 13ನೇ ಸ್ಥಾನ ಪಡೆದರು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತದ ನಾಲ್ವರ ತಂಡದಲ್ಲೂ ಅವರಿದ್ದರು.

ಇನ್ನೊಬ್ಬರು ಬ್ರಿಟನ್ನಿನ ಹೆಲೆನ್ ಗ್ಲೋವರ್. ಎತ್ತರದ ಕ್ರೀಡಾಪಟುಗಳನ್ನು ಹುಡುಕಲು ಆ ದೇಶ ನಡೆಸಿದ 'ಸ್ಪೋರ್ಟಿಂಗ್ ಜೈಂಟ್ಸ್' ಎಂಬ ಯೋಜನೆಯ ಮೂಲಕ 2008ರಲ್ಲಿ ಅವರು ಈ ಆಟಕ್ಕೆ ಬಂದರು. ನಿಗದಿಯಾದ ಎತ್ತರಕ್ಕೆ ತುಸು ಕಡಿಮೆಯಿದ್ದ ಆಕೆ ಅಳತೆಯ ವೇಳೆ ತುದಿಗಾಲಲ್ಲಿ ನಿಂತರಂತೆ! 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಬ್ರಿಟನ್ನಿಗೆ ಮೊದಲ ಚಿನ್ನ ತಂದವರು ಹೆದರ್ ಸ್ಟಾನಿಂಗ್ ಮತ್ತು ಇದೇ ಹೆಲೆನ್. ಮೂರು ಮಕ್ಕಳ ತಾಯಿಯಾದ ಮೇಲೂ ದೋಣಿಗೆ ಮರಳಿ 2024ರ ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದರು.

ಇವರೆಲ್ಲ ಹಗಲಿರುಳು ಅದನ್ನೇ ಉಸಿರಾಡಿದವರು, ನಿಜ. ದೋಣಿ ಹತ್ತಿದವರೆಲ್ಲ ಪದಕ ತರುತ್ತಾರೆಂದು ಯಾರೂ ಹೇಳುವುದಿಲ್ಲ. ಆದರೆ ಅವರು ಒಳಬಂದ ಬಾಗಿಲಿನಲ್ಲೇ ಸಾಮಾನ್ಯರೂ ಬರಬಹುದು. ಪಾಠ ಮಾಡುವವರು, ಬ್ಯಾಂಕಿನಲ್ಲಿ ದುಡಿಯುವವರು, ಸಂಶೋಧನೆ ಮಾಡುವ ವಿದ್ಯಾರ್ಥಿಗಳು ಬೆಳಗಿನ ಜಾವ ಒಟ್ಟುಗೂಡುವ ರೋಯಿಂಗ್ ಕ್ಲಬ್‌ಗಳು ಜಗತ್ತಿನ ಬಹಳಷ್ಟು ನದೀತೀರದ ನಗರಗಳಲ್ಲಿವೆ.

ಹಲಸೂರು ಕೆರೆಯಲ್ಲಿ ದೋಣಿವಿಹಾರ ಮಾಡಿದವರು, ಹಂಪಿಯಲ್ಲಿ ಹರಿಗೋಲು ಹತ್ತಿ ತುಂಗಭದ್ರೆ ದಾಟಿದವರು 'ಇದರಲ್ಲೇನಿದೆ' ಎನ್ನಬಹುದು. ಇದು ಬೇರೆಯೇ ಲೋಕ. ಒಬ್ಬರೇ ಕೂರುವ ಸ್ಪರ್ಧಾ ದೋಣಿ ಸುಮಾರು 8 ಮೀಟರ್ ಉದ್ದ. ನೀರಿಗೆ ತಾಗುವಲ್ಲಿ ಅದರ ಅಗಲ ಒಂದು ಅಡಿಯೂ ಇಲ್ಲ! ನಿಯಮದಂತೆ ಅದರ ಕನಿಷ್ಠ ತೂಕ ಕೇವಲ 14 ಕಿಲೋ. ಎಂಟು ಮಂದಿ ಹುಟ್ಟು ಹಾಕುವ ದೋಣಿಗೆ ಕನಿಷ್ಠ 96 ಕಿಲೋ. ಕುಳಿತವರ ಬೆನ್ನು ಹೋಗುವ ದಿಕ್ಕಿಗಿರುತ್ತದೆ. ಪಾದಗಳನ್ನು ಅಲ್ಲೇ ಬಿಗಿದ ಬೂಟಿನೊಳಗೆ ತೂರಿಸಬೇಕು. ಕೂರುವ ಮಣೆಗೆ ಗಾಲಿಗಳಿದ್ದು ಅದು ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಎಂಟು ಮಂದಿಯ ದೋಣಿಯಲ್ಲಿ 'ಕಾಕ್ಸ್' ಎಂಬ ಒಂಬತ್ತನೆಯವರು ದಾರಿ ನೋಡುತ್ತಾ ಆಜ್ಞೆ ಕೊಡುತ್ತಾರೆ.

ಇದು ತೋಳ್ಬಲದ ಆಟ ಎಂದುಕೊಂಡರೆ ತಪ್ಪು. ಹೆಚ್ಚಿನ ಶಕ್ತಿ ಬರುವುದು ಕಾಲಿನಿಂದ. ಎಳೆಯುವಾಗ ಮೊದಲು ಕಾಲು, ಆಮೇಲೆ ಸೊಂಟ, ಕಡೆಗೆ ತೋಳು. ಮುಂದಿನ ಎಳೆತಕ್ಕೆ ಅಣಿಯಾಗುವಾಗ ಅದರ ತಿರುವುಮುರುವು: ತೋಳು, ಸೊಂಟ, ಕಾಲು. ಇಷ್ಟೇ ಪಾಠ. ಆದರೆ ಇದನ್ನೇ ಸಾವಿರಾರು ಬಾರಿ, ಮುಂದೆ ಕುಳಿತವರ ಬೆನ್ನು ನೋಡುತ್ತಾ, ಎಲ್ಲರೂ ಒಂದೇ ಕ್ಷಣದಲ್ಲಿ ಮಾಡಬೇಕು. ಚಿಕ್ಕಂದಿನಲ್ಲೇ ಮೈಗೂಡಬೇಕಾದ ಕಸರತ್ತುಗಳು ಇಲ್ಲಿಲ್ಲ. ಉಸಿರಿನ ಶಕ್ತಿ, ತಾಳ್ಮೆ ಮತ್ತು ಲಯ ಬೇಕು. ಇವು ಮೂರನ್ನೂ ದೊಡ್ಡವರಾದ ಮೇಲೆ ಬೆಳೆಸಿಕೊಳ್ಳಬಹುದು. ತಡವಾಗಿ ಬಂದವರಿಗೂ ಇಲ್ಲಿ ಜಾಗ ಸಿಗುವುದರ ಗುಟ್ಟು ಇದೇ.

ಹಾಗಾದರೆ ಏನೂ ತಿಳಿಯದವರು ಕ್ಲಬ್ ಸೇರಿದರೆ ಏನಾಗುತ್ತದೆ? ಒಳ್ಳೆಯ ಕ್ಲಬ್ ಮೊದಲು ಕೇಳುವ ಪ್ರಶ್ನೆ 'ಈಜು ಬರುತ್ತದೆಯೇ?' ಎಂದು. ಬರುತ್ತದೆ ಎಂದರೆ ಸಾಲದು, ಈಜಿ ತೋರಿಸಬೇಕು. ದೋಣಿ ಮಗುಚಿದರೆ ಬೂಟಿನಿಂದ ಕಾಲು ಬಿಡಿಸಿಕೊಂಡು ಹೊರಬರುವುದು ಹೇಗೆಂಬ ಅಭ್ಯಾಸವನ್ನೂ ಮಾಡಿಸುತ್ತಾರೆ. ಆಮೇಲೆ ನೆಲದ ಮೇಲಿನ ರೋಯಿಂಗ್ ಯಂತ್ರ. ಅಲ್ಲಿ ಕಾಲು, ಸೊಂಟ, ತೋಳುಗಳ ಕ್ರಮ ಕೂಡಿಬಂದ ಮೇಲೆ ಅಗಲವಾದ, ಸುಲಭಕ್ಕೆ ಓಲಾಡದ ದೋಣಿ. ದೋಣಿಯನ್ನು ಎಂಟು ಮಂದಿ ಒಟ್ಟಿಗೆ ಹೆಗಲಿಗೇರಿಸಿ ನೀರಿಗಿಳಿಸುವುದೂ ಒಂದು ಪಾಠವೇ.

ಮೊದಲ ವಾರಗಳು ಮಾನಕ್ಕೆ ಸ್ವಲ್ಪ ಪೆಟ್ಟು ಕೊಡುತ್ತವೆ. ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಹುಟ್ಟಿನ ಅಲಗು ನೀರಿನೊಳಗೆ ಓರೆಯಾಗಿ ಸಿಕ್ಕಿಕೊಂಡು ಹಿಡಿಕೆ ಬಂದು ಹೊಟ್ಟೆಗೇ ಗುದ್ದುತ್ತದೆ. ಇಂಗ್ಲಿಷ್ ದೋಣಿಗಾರರ ಭಾಷೆಯಲ್ಲಿ ಇದಕ್ಕೆ 'ಏಡಿ ಹಿಡಿಯುವುದು' ಎಂದು ಹೆಸರು! ತರಗತಿಯಲ್ಲಿ ಮೊದಲ ಸ್ಥಾನ ಪಡೆದವರು, ಕಚೇರಿಯಲ್ಲಿ ಹತ್ತು ಮಂದಿಗೆ ಆಜ್ಞೆ ಮಾಡುವವರು ಇಲ್ಲಿ ತಮಗಿಂತ ಕಿರಿಯ ಹುಡುಗಿಯೊಬ್ಬಳಿಂದ 'ಮೂರನೇ ನಂಬರ್, ತಡವಾಯಿತು' ಎಂದು ಹೇಳಿಸಿಕೊಳ್ಳಬೇಕು. ಇದನ್ನು ನಗುತ್ತಾ ಕೇಳಿಸಿಕೊಳ್ಳಬಲ್ಲವರು ಬೇಗ ಕಲಿಯುತ್ತಾರೆ. ದೊಡ್ಡವರಾದ ಮೇಲೆ ಕಲಿಯುವುದಕ್ಕೆ ಅಡ್ಡಬರುವುದು ವಯಸ್ಸಲ್ಲ, ನಾಚಿಕೆ.

ಅನುಭವ ಇದ್ದವರಿಗೆ ಎಲ್ಲವೂ ಸಲೀಸೇ? ಅದೂ ಇಲ್ಲ. ಕಾಲೇಜಿನಲ್ಲಿ ದೋಣಿ ಓಡಿಸಿ, ಹತ್ತು ವರ್ಷ ಬಿಟ್ಟು ಮರಳಿ ಬಂದವರ ಮನಸ್ಸಿಗೆ ಹಳೆಯ ವೇಗ ನೆನಪಿರುತ್ತದೆ, ಮೈಗೆ ಇರುವುದಿಲ್ಲ. ಒಂದೇ ವಾರದಲ್ಲಿ ಹಳೆಯ ಲೆಕ್ಕಕ್ಕೆ ಮುಟ್ಟಲು ಹೋಗಿ ಸೊಂಟ, ಪಕ್ಕೆಲುಬು ನೋಯಿಸಿಕೊಳ್ಳುವವರುಂಟು. ಹೊಸ ಕ್ಲಬ್ಬಿನ ಎಳೆತದ ರೀತಿಯೂ ಬೇರೆಯಿರಬಹುದು. 'ನಾವು ಹೀಗೆ ಮಾಡುತ್ತಿದ್ದೆವು' ಎಂಬ ಮಾತು ಎಂಟು ಮಂದಿಯ ದೋಣಿಯನ್ನು ಒಂದಿಂಚೂ ಮುಂದೆ ಸರಿಸದು. ಬಲ್ಲವರೂ ಕೆಲವು ದಿನ ಕಲಿಯುವವರ ಸಾಲಿನಲ್ಲೇ ಕೂರಬೇಕು. ನಂತರ ಅವರ ಅನುಭವಕ್ಕೆ ಬೆಲೆ ಬರುತ್ತದೆ. ಹೊಸಬರಿಂದ ತುಂಬಿದ ದೋಣಿಯಲ್ಲಿ ಒಬ್ಬಿಬ್ಬರು ಪಳಗಿದವರಿದ್ದರೆ ದೋಣಿಯ ಓಲಾಟವೇ ಕಡಿಮೆಯಾಗುತ್ತದೆ.

ಹೊಸಬರಿಗೂ ಹಳಬರಿಗೂ ಸಮಾನವಾದ ಒಂದು ನಿಯಮವಿದೆ: ಬರುತ್ತೇನೆಂದ ದಿನ ಬರಬೇಕು. ಕ್ರಿಕೆಟ್ಟಿಗೆ ಒಬ್ಬ ಬಾರದಿದ್ದರೆ ಹತ್ತು ಮಂದಿಯಾದರೂ ಆಡಬಹುದು. ಇಲ್ಲಿ ಹುಟ್ಟುಗಳು ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು. ಒಂದು ಮಣೆ ಖಾಲಿಯಾದರೆ ಸಮತೋಲ ತಪ್ಪುತ್ತದೆ. ನಸುಕಿನಲ್ಲಿ ಎದ್ದು ಬಂದ ಉಳಿದ ಏಳು ಮಂದಿ ದಡದಲ್ಲೇ ನಿಲ್ಲಬೇಕಾದೀತು. 'ಇವತ್ತು ನಿದ್ದೆ ಬಂತು' ಎಂಬ ನೆಪಕ್ಕೆ ಏಳು ಜನರ ಬೆಳಗು ಬಲಿಯಾಗುತ್ತದೆ. ಮಾತು ಕೊಟ್ಟರೆ ಉಳಿಸಿಕೊಳ್ಳಬೇಕೆಂದು ನಾವು ಮಕ್ಕಳಿಗೆ ಎಷ್ಟು ಬಾರಿ ಉಪದೇಶಿಸಿದರೂ ನಾಟದ್ದನ್ನು ಆ ಒಂದು ಖಾಲಿ ಮಣೆ ಕಲಿಸಬಲ್ಲದು.

ಪಾಲಕರು ಕೇಳಲೇಬೇಕಾದ ಮಾತೊಂದಿದೆ. ನೀರು ಆಟದ ವಸ್ತುವಲ್ಲ. 2022ರ ಮೇ ತಿಂಗಳಲ್ಲಿ ಕೋಲ್ಕತ್ತದ ರವೀಂದ್ರ ಸರೋವರದಲ್ಲಿ ಅಭ್ಯಾಸ ನಡೆದಿದ್ದಾಗ ಬಿರುಗಾಳಿ ಎದ್ದು ದೋಣಿ ಮಗುಚಿ, ಇಬ್ಬರು ಶಾಲಾ ಬಾಲಕರು ಪ್ರಾಣ ಕಳೆದುಕೊಂಡರು. ಆದ್ದರಿಂದ ಮಗನನ್ನೋ ಮಗಳನ್ನೋ ಸೇರಿಸುವ ಮುನ್ನ, ಅಥವಾ ನೀವೇ ಸೇರುವ ಮುನ್ನ, ಕ್ಲಬ್ಬಿನ ಗೋಡೆಯ ಮೇಲಿನ ಪದಕಗಳನ್ನು ಎಣಿಸಬೇಡಿ. ಈ ನಾಲ್ಕು ಪ್ರಶ್ನೆ ಕೇಳಿ. ಈಜಿನ ಪರೀಕ್ಷೆ ಕಡ್ಡಾಯವೇ? ಅಭ್ಯಾಸದ ವೇಳೆ ರಕ್ಷಣಾ ದೋಣಿ ಜೊತೆಯಲ್ಲಿ ನೀರಿನ ಮೇಲಿರುತ್ತದೆಯೇ? ಅದರಲ್ಲಿ ಸಾಕಷ್ಟು ಜೀವರಕ್ಷಕ ಜಾಕೆಟ್‌ಗಳಿವೆಯೇ? ಗಾಳಿ, ಸಿಡಿಲಿನ ಸೂಚನೆ ಕಂಡರೆ ಅಭ್ಯಾಸ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ? ನಾಲ್ಕಕ್ಕೂ ನೇರ ಉತ್ತರ ಸಿಗದಿದ್ದರೆ ನಮಸ್ಕಾರ ಹೇಳಿ ಹಿಂದಿರುಗಿ. ಈಜು ಬಾರದವರು ಮೊದಲು ಈಜುಕೊಳಕ್ಕೆ ಹೋಗಲಿ, ದೋಣಿ ಕಾಯುತ್ತದೆ.

ಎಲ್ಲಿ ಕಲಿಯಬಹುದು? ನಮ್ಮ ದೇಶದಲ್ಲಿ ಈ ಆಟದ ಹಳೆಯ ನೆಲೆಗಳು ಕೋಲ್ಕತ್ತ, ಚೆನ್ನೈ ಮತ್ತು ಪುಣೆ. ಕಲ್ಕತ್ತಾ ರೋಯಿಂಗ್ ಕ್ಲಬ್ ಹುಟ್ಟಿದ್ದು 1858ರಲ್ಲಿ. ಅಡ್ಯಾರ್ ನದಿಯ ದಂಡೆಯ ಮದ್ರಾಸ್ ಬೋಟ್ ಕ್ಲಬ್ 1867ರದ್ದು, ಪುಣೆಯ ರಾಯಲ್ ಕನಾಟ್ ಬೋಟ್ ಕ್ಲಬ್ 1868ರದ್ದು. ಓದಿಗೋ ಕೆಲಸಕ್ಕೋ ಈ ಊರುಗಳಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ವಿಚಾರಿಸಿ ನೋಡಬಹುದು. ದತ್ತು ಅವರಂತೆ ಹಳ್ಳಿಗಳಿಂದ ಬಂದ ಅನೇಕರಿಗೆ ಸೇನೆಯೇ ಈ ಕ್ರೀಡೆಯ ಗುರುಕುಲವಾಗಿದೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ರೋಯಿಂಗ್‌ನ ಮೊತ್ತಮೊದಲ ಚಿನ್ನವನ್ನು ಭಾರತಕ್ಕೆ ತಂದ ಬಜರಂಗ್ ಲಾಲ್ ತಾಖರ್ ಕೂಡ ಸೈನಿಕರೇ.

ಉನ್ನತ ವ್ಯಾಸಂಗಕ್ಕೆ ಪರದೇಶಕ್ಕೆ ಹೋಗುವವರಿಗಂತೂ ಅವಕಾಶ ಮನೆಬಾಗಿಲಲ್ಲೇ ಇರಬಹುದು. ಇಂಗ್ಲೆಂಡಿನ ಕೇಂಬ್ರಿಜ್, ಆಕ್ಸ್‌ಫರ್ಡ್‌ನ ಕಾಲೇಜುಗಳಲ್ಲಿ ಹುಟ್ಟನ್ನೇ ಮುಟ್ಟದವರನ್ನು ಪ್ರತಿ ವರ್ಷ ಹೊಸದಾಗಿ ಸೇರಿಸಿಕೊಂಡು ಕಲಿಸುತ್ತಾರೆ. ಅಮೆರಿಕದ ಬಾಸ್ಟನ್ನಿನಲ್ಲಿ ಚಾರ್ಲ್ಸ್ ನದಿಯ ಮೇಲೆ ಸಾರ್ವಜನಿಕರಿಗೆಂದೇ 1985ರಲ್ಲಿ ಆರಂಭವಾದ ಕಮ್ಯುನಿಟಿ ರೋಯಿಂಗ್ ಎಂಬ ಸಂಸ್ಥೆಯಿದೆ. ಬೆಲೆಬಾಳುವ ದೋಣಿ, ಹುಟ್ಟುಗಳನ್ನು ನಾವು ಕೊಳ್ಳಬೇಕಾಗಿಲ್ಲ, ಅವು ಕ್ಲಬ್ಬಿನವು. ಹೊಸಬರ ಶಿಬಿರದ ಶುಲ್ಕವೆಷ್ಟು, ವರ್ಷದ ಚಂದಾ ಎಷ್ಟು ಎಂಬುದನ್ನು ಮಾತ್ರ ಮೊದಲೇ ಕೇಳಿ ತಿಳಿಯಿರಿ. ಪರವೂರಿನಲ್ಲಿ ಒಂಟಿತನ ಕಾಡುವ ವಿದ್ಯಾರ್ಥಿಗೆ, ತಾನು ಬಾರದಿದ್ದರೆ 'ಯಾಕೆ ಬರಲಿಲ್ಲ?' ಎಂದು ಕೇಳುವ ಏಳೆಂಟು ಮಂದಿ ಸಿಗುವುದು ಸಣ್ಣ ಮಾತಲ್ಲ.

ಕೊನೆಯದಾಗಿ, ಈವರೆಗೆ ಮಕ್ಕಳ ಪರವಾಗಿ ಓದುತ್ತಾ ಬಂದ ಅಪ್ಪ ಅಮ್ಮಂದಿರಿಗೆ ಒಂದು ಕಿವಿಮಾತು. ರೋಯಿಂಗ್‌ನ ಅಂತಾರಾಷ್ಟ್ರೀಯ ನಿಯಮದಲ್ಲಿ 27 ವರ್ಷದಿಂದ ಮೇಲಿನವರಿಗಾಗಿ 'ಮಾಸ್ಟರ್ಸ್' ಎಂಬ ಸ್ಪರ್ಧೆಗಳೇ ಬೇರೆ ಇವೆ. ದೂರ 1000 ಮೀಟರ್, ಅಂದರೆ ಪ್ಯಾರಿಸ್ ಒಲಿಂಪಿಕ್ಸ್‌ನ ದೂರದ ಅರ್ಧ. 36, 43, 50, 55, 60 ಎಂದು ವಯಸ್ಸಿನ ಮೆಟ್ಟಿಲುಗಳು ಎಪ್ಪತ್ತನ್ನೂ ದಾಟಿ ಸಾಗುತ್ತವೆ. ತಂಡದ ಸರಾಸರಿ ವಯಸ್ಸು ನೋಡಿ ವಿಭಾಗ ಗೊತ್ತುಮಾಡುತ್ತಾರೆ. ಹೃದಯದ ತೊಂದರೆ, ಬೆನ್ನುನೋವು ಇದ್ದವರು ವೈದ್ಯರನ್ನು ಕಂಡು ಹೋಗುವುದು ಒಳ್ಳೆಯದು. ಉಳಿದವರಿಗೆ ಬೇಕಾದದ್ದು ಈಜು, ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಮತ್ತು 'ನನಗೆ ಗೊತ್ತಿಲ್ಲ, ಹೇಳಿಕೊಡಿ' ಎನ್ನುವ ಧೈರ್ಯ. ಅಪ್ಪನೋ ಅಮ್ಮನೋ ಹಾಗೆ ಕಲಿಯಲು ಕುಳಿತದ್ದನ್ನು ಕಣ್ಣಾರೆ ಕಂಡ ಮಕ್ಕಳು, ತಮಗೆ ತಿಳಿಯದ್ದನ್ನು ಇನ್ನೊಬ್ಬರಲ್ಲಿ ಕೇಳಲು ಎಂದೂ ಹಿಂಜರಿಯುವುದಿಲ್ಲ.