ಬಣ್ಣ ಬಳಿಯುವ ಮೊದಲು ಊರನ್ನು ಕೇಳಬೇಕು

ನಗರದ ಮಹಾಯೋಜನೆ ಎಂದರೆ ಒಂದು ಬಣ್ಣದ ನಕ್ಷೆ, ಜೊತೆಗೊಂದು ನಿಯಮಗಳ ಪುಸ್ತಕ. ಹಳದಿ ಬಳಿದ ಜಾಗ ವಾಸದ ಮನೆಗಳಿಗೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ, ಕೆಂಪು ಶಾಲೆ ಆಸ್ಪತ್ರೆ ಕಚೇರಿಗಳಿಗೆ, ಹಸಿರು ಉದ್ಯಾನ ಮತ್ತು ಬಯಲಿಗೆ. ಎಷ್ಟು ಅಗಲದ ರಸ್ತೆಯಲ್ಲಿ ಎಷ್ಟು ಅಂತಸ್ತು ಏರಿಸಬಹುದು, ಮನೆಯ ಸುತ್ತ ಎಷ್ಟು ಜಾಗ ಬಿಡಬೇಕು, ಕೆರೆಯ ಅಂಚಿನಿಂದ ಎಷ್ಟು ಮೀಟರ್ ಹಿಂದೆ ಸರಿಯಬೇಕು ಎಂಬುದು ಪುಸ್ತಕದಲ್ಲಿರುತ್ತದೆ. ಇಷ್ಟು ಸರಳವಾದ ವಸ್ತುವಿಗೆ ಇರುವ ಶಕ್ತಿ ಮಾತ್ರ ಸರಳವಲ್ಲ. ಬೆಂಗಳೂರಿನ ಅಂಚಿನ ಒಂದು ಹಳ್ಳಿಯಲ್ಲಿ ಅಕ್ಕಪಕ್ಕದ ಎರಡು ಸರ್ವೆ ನಂಬರುಗಳಲ್ಲಿ ಮಣ್ಣು ಒಂದೇ, ಬೆಳೆಯುವ ರಾಗಿಯೂ ಒಂದೇ. ಒಂದರ ಮೇಲೆ ಹಳದಿ ಬಿತ್ತು, ಇನ್ನೊಂದರ ಮೇಲೆ ಹಸಿರು ಬಿತ್ತು ಎಂದರೆ ಅಂದಿನಿಂದ ಆ ಎರಡು ಮನೆತನಗಳ ದಾರಿ ಬೇರೆಬೇರೆಯಾಗುತ್ತದೆ. ಹಾಗಾಗಿಯೇ ಜಮೀನು ಕೊಳ್ಳಲು ಬಂದವರು ಇಂದಿಗೂ ಕೇಳುವ ಮೊದಲ ಪ್ರಶ್ನೆ, ‘ಸಿಡಿಪಿಯಲ್ಲಿ ಏನು ತೋರಿಸಿದ್ದಾರೆ?’ ಎಂಬುದು. ಸಿಡಿಪಿ ಎಂಬ ಹೆಸರು ಸರ್ಕಾರಿ ಕಡತದಿಂದ ಹೋಗಿ ಎಷ್ಟೋ ಕಾಲವಾಗಿದೆ. ಜನರ ಬಾಯಲ್ಲಿ ಮಾತ್ರ ಉಳಿದಿದೆ.

ಈ ಯೋಜನೆಗಳಿಗೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಬೆಂಗಳೂರಿಗೆ 1972ರಲ್ಲಿ ರೂಪುರೇಷೆ ಅಭಿವೃದ್ಧಿ ಯೋಜನೆ, 1984ರಲ್ಲಿ ಸಮಗ್ರ ಅಭಿವೃದ್ಧಿ ಯೋಜನೆ ಅಂದರೆ ಸಿಡಿಪಿ, 1995ರಲ್ಲಿ ಅದರ ಪರಿಷ್ಕೃತ ರೂಪ ಬಂದವು. 2007ರ ಜೂನ್‌ನಲ್ಲಿ ‘ಪರಿಷ್ಕೃತ ಮಹಾಯೋಜನೆ 2015’ಕ್ಕೆ ಒಪ್ಪಿಗೆ ಸಿಕ್ಕಿತು. ಹತ್ತು ವರ್ಷಕ್ಕೊಮ್ಮೆ ಹೊಸ ಸರ್ವೆ ಮಾಡಿ ಯೋಜನೆಯನ್ನು ತಿದ್ದಬೇಕೆಂಬುದು ಕಾಯ್ದೆಯ ಆಶಯ. ಆದರೆ 2015ರ ಹೆಸರು ಹೊತ್ತ ಯೋಜನೆ 2015 ಕಳೆದು ಹತ್ತು ವರ್ಷವಾದ ಮೇಲೂ ನಗರವನ್ನು ಆಳುತ್ತ ಬಂದಿದೆ. ಆ ನಕ್ಷೆ ಬರೆದಾಗ ನಗರದಲ್ಲಿ ಮೆಟ್ರೊ ರೈಲು ಓಡುತ್ತಿರಲಿಲ್ಲ. ದೇವನಹಳ್ಳಿಯ ವಿಮಾನ ನಿಲ್ದಾಣ ಇನ್ನೂ ತೆರೆದಿರಲಿಲ್ಲ. ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಪಾಲಿಕೆಯ ತೆಕ್ಕೆಗೆ ಬಂದು ಬೃಹತ್ ಬೆಂಗಳೂರು ಎನಿಸಿಕೊಂಡದ್ದೂ ಅದೇ 2007ರಲ್ಲಿ.

ಅದನ್ನು ಬದಲಿಸುವ ಪ್ರಯತ್ನವೇ ನಡೆಯಲಿಲ್ಲ ಎಂದಲ್ಲ. 2031ನೇ ಇಸವಿಯನ್ನು ಕಣ್ಣ ಮುಂದಿಟ್ಟುಕೊಂಡು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೊಸ ಯೋಜನೆ ಸಿದ್ಧಪಡಿಸಿತು. 2017ರ ಆರಂಭದಲ್ಲಿ ಮುನ್ನೋಟದ ದಾಖಲೆ ಬಂತು, ಅದೇ ವರ್ಷ ನವೆಂಬರ್‌ನಲ್ಲಿ ಕರಡು ಹೊರಬಂತು. 2031ಕ್ಕೆ ನಗರದ ಜನಸಂಖ್ಯೆ ಎರಡು ಕೋಟಿ ದಾಟುತ್ತದೆಂದು ಅದರ ಅಂದಾಜು. ಕಾಯ್ದೆಯಂತೆ 60 ದಿನ ಆಕ್ಷೇಪಣೆ ಮತ್ತು ಸಲಹೆಗಳಿಗೆ ಅವಕಾಶ ಕೊಟ್ಟಾಗ ಹದಿಮೂರು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಎರಡೂವರೆ ವರ್ಷದ ಮೇಲೆ, 2020ರಲ್ಲಿ, ಸರ್ಕಾರ ಆ ಕರಡನ್ನೇ ಹಿಂದಕ್ಕೆ ಪಡೆದು 2041ರ ಯೋಜನೆ ಮಾಡಿ ಎಂದಿತು. ಅರ್ಜಿ ಬರೆದ ಸಾವಿರಾರು ಜನರ ದುಡಿಮೆ ಕರಡಿನ ಜೊತೆಗೇ ಕಡತ ಸೇರಿತು. ಯೋಜನೆ ಬಿದ್ದುಹೋದದ್ದು ಒಂದು ನಷ್ಟ. ಈ ಊರಿನ ಬಗ್ಗೆ ಊರಿನವರೇ ಕೊಟ್ಟ ಅಷ್ಟೊಂದು ಮಾಹಿತಿ ಬಳಕೆಗೆ ಬಾರದೆ ಹೋದದ್ದು ಅದಕ್ಕಿಂತ ದೊಡ್ಡ ನಷ್ಟ.

ಆಕ್ಷೇಪಣೆ ಸಲ್ಲಿಸುವುದೆಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಬೇಕು. ನಗರವನ್ನು ಯೋಜನಾ ಜಿಲ್ಲೆಗಳಾಗಿ ಹೋಳು ಮಾಡಿ, ಒಂದೊಂದಕ್ಕೂ ಒಂದೊಂದು ಹಾಳೆ ಮಾಡಿರುತ್ತಾರೆ. ಪಹಣಿ ಹಿಡಿದು ಬಂದ ರೈತ ಮೊದಲು ತನ್ನ ಹಳ್ಳಿ ಯಾವ ಹಾಳೆಯಲ್ಲಿದೆ ಎಂದು ಹುಡುಕಬೇಕು. ಹಳ್ಳಿ ಸಿಕ್ಕಿದ ಮೇಲೆ ಸಾಸಿವೆ ಗಾತ್ರದ ಅಂಕಿಗಳಲ್ಲಿ ಸರ್ವೆ ನಂಬರ್ ಹುಡುಕಬೇಕು. ನಂಬರಿನ ಮೇಲೆ ಬೂದು ಗೆರೆಯೊಂದು ಹಾದಿದ್ದರೆ ಅದು ಈಗ ಇರುವ ರಸ್ತೆಯೋ, ಮುಂದೆ ಬರಲಿರುವ ರಸ್ತೆಯೋ ಎಂದು ಮೂಲೆಯ ಸೂಚಿ ನೋಡಿ ತಿಳಿಯಬೇಕು. ಆ ರಸ್ತೆ ಎಷ್ಟು ಮೀಟರಿನದು, ತನ್ನ ಜಮೀನಿನಲ್ಲಿ ಎಷ್ಟು ಗುಂಟೆ ಅದರ ಪಾಲಾಗುತ್ತದೆ ಎಂಬುದಕ್ಕೆ ವಲಯ ನಿಯಮಾವಳಿ ಓದಬೇಕು. ಅದರ ಭಾಷೆ ವಕೀಲರಿಗೂ ಸುಲಭವಲ್ಲ. ಇಷ್ಟೆಲ್ಲ ಮಾಡಿ ಬರೆದ ಅರ್ಜಿಗೆ ಸಿಗುವುದು ಒಂದು ಸ್ವೀಕೃತಿ ಮೊಹರು. ಅರ್ಜಿಯನ್ನು ಒಪ್ಪಿದರೋ ಇಲ್ಲವೋ, ಒಪ್ಪದಿದ್ದರೆ ಕಾರಣವೇನು ಎಂಬುದು ಅವನ ಕೈ ಸೇರುವ ವ್ಯವಸ್ಥೆ ಇಲ್ಲ.

ದೋಷ ಇರುವುದು ಅರ್ಜಿಯ ನಮೂನೆಯಲ್ಲಿ ಅಲ್ಲ, ಕೇಳುವ ಹೊತ್ತಿನಲ್ಲಿ. ಕರಡು ಹೊರಬರುವ ವೇಳೆಗೆ ಸಲಹಾ ಸಂಸ್ಥೆ ವರ್ಷಗಟ್ಟಲೆ ಕೆಲಸ ಮಾಡಿರುತ್ತದೆ, ಇಲಾಖೆಗಳು ಒಪ್ಪಿಗೆ ಕೊಟ್ಟಿರುತ್ತವೆ, ಸರ್ಕಾರದ ತಾತ್ಕಾಲಿಕ ಅನುಮೋದನೆ ಬಿದ್ದಿರುತ್ತದೆ. ಅಡುಗೆ ಮುಗಿದ ಮೇಲೆ ಉಪ್ಪು ಸಾಲದು ಎನ್ನಬಹುದು, ಏನು ಅಡುಗೆ ಎಂದು ಕೇಳುವ ಹಾಗಿಲ್ಲ. ಆ ಹಂತದಲ್ಲಿ ಬರುವ ಅರ್ಜಿ ಬಹುಮಟ್ಟಿಗೆ ‘ನನ್ನ ಜಾಗ ಬಿಡಿ’ ಎಂಬ ಅಹವಾಲೇ ಆಗಿರುತ್ತದೆ. ಅದು ಸಹಜ. ಬಡಾವಣೆಗೆ ಶಾಲೆ ಎಲ್ಲಿ ಬೇಕು, ಸಂತೆ ಎಲ್ಲಿ ನಡೆಯಬೇಕು, ಬಸ್ಸು ಎಲ್ಲಿ ತಿರುಗಬೇಕು ಎಂಬ ಮಾತಿಗೆ ಆ ನಮೂನೆಯಲ್ಲಿ ಜಾಗವಿಲ್ಲ.

ಯೋಜನೆಯ ಮೊದಲ ಹಂತ ಹೊಸ ಬಣ್ಣ ಹಚ್ಚುವುದಲ್ಲ, ಈಗ ಯಾವ ಜಾಗ ಏನಾಗಿದೆ ಎಂದು ಗುರುತಿಸುವುದು. ಇದನ್ನು ಹಾಲಿ ಭೂಬಳಕೆ ನಕ್ಷೆ ಎನ್ನುತ್ತಾರೆ. ಉಪಗ್ರಹದ ಚಿತ್ರದಿಂದ ಛಾವಣಿ ಕಾಣುತ್ತದೆ, ಛಾವಣಿಯ ಕೆಳಗಿನ ಬದುಕು ಕಾಣುವುದಿಲ್ಲ. ಖಾಲಿ ಬಯಲು ಎಂದು ತೋರುವುದು ವಾರಕ್ಕೊಮ್ಮೆ ಸಂತೆ ಕೂಡುವ ಮಾಳವಾಗಿರಬಹುದು, ಗುಂಡುತೋಪಾಗಿರಬಹುದು, ಊರಿನ ಸ್ಮಶಾನವಾಗಿರಬಹುದು. ಜನ ತಜ್ಞರಿಗಿಂತ ಹೆಚ್ಚು ಬಲ್ಲವರಾಗಿರುವುದು ಈ ನಕ್ಷೆಯ ವಿಷಯದಲ್ಲಿ. ಅವರನ್ನು ಕೇಳದೇ ಮುಂದೆ ಹೋಗುವುದೂ ಈ ಹಂತದಲ್ಲೇ.

ನೀರಿನ ದಾರಿಯೇ ಇದಕ್ಕೆ ಒಳ್ಳೆಯ ಉದಾಹರಣೆ. 2015ರ ಮಹಾಯೋಜನೆ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಮೀಸಲು ಅಂಚು ಇಟ್ಟಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂಚನ್ನು 75 ಮೀಟರಿಗೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿ ಮಹಾಯೋಜನೆಯ ಅಳತೆಯನ್ನೇ ಉಳಿಸಿತು. ಎಷ್ಟು ಮೀಟರ್ ಎಂಬ ಈ ವಾದದ ನಡುವೆ, ಕಾಲುವೆ ಎಲ್ಲಿದೆ ಎಂಬ ಪ್ರಶ್ನೆ ಹಿಂದೆ ಬಿತ್ತು. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ ಎಂದು ಗೆರೆ ಎಳೆದು, ಪಹಣಿಯಲ್ಲಿ ‘ಬಿ’ ಖರಾಬು ಎಂದು ಬರೆದ ಜಾಗ ಮಹಾಯೋಜನೆಯ ಹಾಳೆಯಲ್ಲಿ ಬರಿಯ ಹಳದಿಯಾಗಿದ್ದರೆ, ಅಂಚಿನ ನಿಯಮ ಇದ್ದೂ ಕೆಲಸಕ್ಕೆ ಬರುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಸುತ್ತ ನೀರು ನಿಂತು, ಜನರನ್ನು ದೋಣಿ ಮತ್ತು ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಯಾವ ಕೆರೆ ಕೋಡಿ ಬಿದ್ದರೆ ನೀರು ಯಾವ ತೋಟದ ಬದಿಯಲ್ಲಿ ಹರಿದು ಯಾವ ಕೆರೆ ಸೇರುತ್ತಿತ್ತು ಎಂದು ಬಲ್ಲ ಹಿರಿಯರು ಆ ಭಾಗದ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಗ್ರಾಮ ನಕ್ಷೆಯನ್ನೂ ಯೋಜನೆಯ ಹಾಳೆಯನ್ನೂ ಪಕ್ಕಪಕ್ಕದಲ್ಲಿ ಹಾಸಿ ಅಂಥವರ ಜೊತೆ ಅರ್ಧ ದಿನ ಕೂತರೆ ತಿಳಿಯುವ ಸಂಗತಿ, ಮನೆಗಳು ಎದ್ದ ಮೇಲೆ ಕೋಟಿಗಟ್ಟಲೆ ಖರ್ಚು ಮಾಡಿದರೂ ಸರಿಹೋಗದ ಸಮಸ್ಯೆಯಾಗಿ ನಿಲ್ಲುತ್ತದೆ.

ಮುಂಬೈನ ಅನುಭವ ಇಲ್ಲಿ ನೆನೆಯತಕ್ಕದ್ದು. 2034ರವರೆಗಿನ ಅಭಿವೃದ್ಧಿ ಯೋಜನೆಗೆ ಮೊದಲು ಅಲ್ಲಿನ ಪಾಲಿಕೆ ಹಾಲಿ ಭೂಬಳಕೆ ನಕ್ಷೆಗಳನ್ನು ಜನರ ಮುಂದಿಟ್ಟಿತು, ಜನ ಅದರಲ್ಲಿ ರಾಶಿ ತಪ್ಪುಗಳನ್ನು ಹಿಡಿದರು. ಆದರೂ 2015ರ ಫೆಬ್ರವರಿಯಲ್ಲಿ ಬಂದ ಕರಡಿನಲ್ಲಿ ನಿಂತ ಕಟ್ಟಡಗಳ ಮೇಲೆ ರಸ್ತೆಯ ಗೆರೆ ಹಾದಿತ್ತು, ಪಾರಂಪರಿಕ ತಾಣಗಳು ಬಿಟ್ಟುಹೋಗಿದ್ದವು. ಆಕ್ಷೇಪಣೆಗಳು ಹತ್ತಾರು ಸಾವಿರ ಬಂದವು. ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಕರಡನ್ನು ತಿದ್ದಿ ಬರೆಯಲು ಹೇಳಿದರು. ಪರಿಷ್ಕೃತ ಕರಡು 2016ರಲ್ಲಿ ಬಂತು, ಅಂತಿಮ ಒಪ್ಪಿಗೆ 2018ರಲ್ಲಿ ಸಿಕ್ಕಿತು. ಮುಂಬೈನ ಕರಡೂ ಬಿದ್ದಿತ್ತು, ಬೆಂಗಳೂರಿನದೂ ಬಿತ್ತು. ಮುಂಬೈ ಮೂರು ವರ್ಷದಲ್ಲಿ ಎದ್ದು ನಿಂತಿತು. ಮಹಾರಾಷ್ಟ್ರದ ಕಾಯ್ದೆಯಲ್ಲಿರುವ ಒಂದು ಅಂಶ ಈ ಹೋಲಿಕೆಯಲ್ಲಿ ಮುಖ್ಯವಾಗುತ್ತದೆ. ಆಕ್ಷೇಪಣೆ ಸಲ್ಲಿಸಿದವರ ಮಾತನ್ನು ಯೋಜನಾ ಸಮಿತಿಯೊಂದು ಎದುರು ಕೂರಿಸಿಕೊಂಡು ಕೇಳಬೇಕು. ಸಮಿತಿಯಲ್ಲಿ ಪಾಲಿಕೆಯ ಸ್ಥಾಯಿ ಸಮಿತಿಯ ಮೂವರು ಸದಸ್ಯರೂ ಸರ್ಕಾರ ನೇಮಿಸಿದ ವಿಷಯ ತಜ್ಞರೂ ಇರುತ್ತಾರೆ. ಕರ್ನಾಟಕದ ಕಾಯ್ದೆ ಬರಹದಲ್ಲಿ ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಗಣಿಸಬೇಕು ಎನ್ನುತ್ತದೆ. ಕೇಳುವುದಕ್ಕೂ ಪರಿಗಣಿಸುವುದಕ್ಕೂ ಅಂತರ ದೊಡ್ಡದು. ಎದುರು ಕೂತವರಿಗೆ ಉತ್ತರ ಹೇಳಲೇಬೇಕಾಗುತ್ತದೆ. ಕಾಯ್ದೆಗೆ ಒಂದೇ ಒಂದು ತಿದ್ದುಪಡಿ ತರುವುದಾದರೆ ಅದು ಇದೇ ಆಗಬೇಕು.

ಯಾರನ್ನು ಕೇಳಬೇಕು ಎಂಬುದು ಮುಂದಿನ ಪ್ರಶ್ನೆ. ಬೆಂಗಳೂರಿನ ನಿವಾಸಿ ಸಂಘಗಳಿಗೆ ದನಿ ಇದೆ, ಸಂಘಟನೆ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಬೇಡವೆಂದು 2016ರ ಅಕ್ಟೋಬರ್‌ನಲ್ಲಿ ಜನ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಈ ಊರಿನವರಿಗೆ ಊರಿನ ಗೊಡವೆ ಇಲ್ಲ ಎನ್ನುವ ಹಾಗಿಲ್ಲ. ಆದರೆ ನಿವಾಸಿ ಸಂಘವೇ ಇಡೀ ಊರಲ್ಲ. ಬಡಾವಣೆಯ ಮನೆ ಮಾಲೀಕರಿಗೆ ಬೀದಿ ಶಾಂತವಾಗಿರಬೇಕು, ಅದೇ ಬೀದಿಯಲ್ಲಿ ಬಾಡಿಗೆಗೆ ಇರುವ ಹುಡುಗಿಗೆ ಕೆಲಸದಿಂದ ಬರುವ ರಾತ್ರಿಯಲ್ಲಿ ತೆರೆದ ಅಂಗಡಿ ಬೇಕು. ತಳ್ಳುಗಾಡಿಯವರಿಗೆ ಜನ ಓಡಾಡುವ ಮೂಲೆ ಬೇಕು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನವನ್ನು ವ್ಯಾಪಾರಿಗಳಿಗೇ ಕೊಟ್ಟಿದೆ. ಆ ಸಮಿತಿಗಳ ಮಾತು ಮಹಾಯೋಜನೆಯ ಮೇಜಿಗೆ ಬರಬೇಕಾದದ್ದು ನ್ಯಾಯ. ಕೊಳೆಗೇರಿಯ ಕುಟುಂಬಗಳು, ಗಾರ್ಮೆಂಟ್ ಕಾರ್ಖಾನೆಗೆ ನಡೆದೇ ಹೋಗುವ ಹೆಂಗಸರು, ಜಮೀನು ಕಳೆದುಕೊಳ್ಳಲಿರುವ ಹಳ್ಳಿಗರು ಅರ್ಜಿ ಹಿಡಿದು ಕಚೇರಿಗೆ ಬರಲಿ ಎಂದು ಕಾಯುವುದು ತರವಲ್ಲ. ಭಾನುವಾರವೋ ಸಂಜೆಯೋ, ಅವರಿಗೆ ಬಿಡುವಿರುವ ಹೊತ್ತಿಗೆ ಕಚೇರಿಯೇ ಅವರಲ್ಲಿಗೆ ಹೋಗಬೇಕು. ನಕ್ಷೆಯ ಸೂಚಿ, ನಿಯಮಗಳ ಸಾರ ಕನ್ನಡದಲ್ಲಿರಬೇಕು. ಇಂಗ್ಲಿಷ್ ಮೂಲದಿಂದ ತಡವಾಗಿ ಇಳಿಸಿದ ಅನುವಾದ ಸಾಲದು, ಮೊದಲ ದಿನದಿಂದಲೇ ಕನ್ನಡದಲ್ಲಿ ಬರೆದದ್ದಾಗಬೇಕು.

ಸಂವಿಧಾನ ಇದಕ್ಕೊಂದು ದಾರಿಯನ್ನೂ ತೋರಿದೆ. 1992ರ 74ನೇ ತಿದ್ದುಪಡಿ ದೊಡ್ಡ ನಗರಗಳಿಗೆ ವಾರ್ಡ್ ಸಮಿತಿಗಳನ್ನೂ, ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ಮಹಾನಗರ ಪ್ರದೇಶಗಳಿಗೆ ಮಹಾನಗರ ಯೋಜನಾ ಸಮಿತಿಯನ್ನೂ ವಿಧಿಸಿತು. ಈ ಯೋಜನಾ ಸಮಿತಿಯ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದ ಸದಸ್ಯರು ಪಾಲಿಕೆ ಮತ್ತು ಪಂಚಾಯಿತಿಗಳ ಚುನಾಯಿತರಿಂದ ಆಯ್ಕೆಯಾಗಬೇಕು. ಬೆಂಗಳೂರಿನಲ್ಲಿ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, ಆ ಸಭೆಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಅದಾದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳೇ ಇಲ್ಲದ ನಗರದಲ್ಲಿ ಸಮಿತಿಯ ಮೂರನೇ ಎರಡು ಭಾಗ ಎಲ್ಲಿಂದ ಬರಬೇಕು? 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳೂ ಅವುಗಳ ಮೇಲೊಂದು ಪ್ರಾಧಿಕಾರವೂ ಬಂದವು. ಚುನಾಯಿತ ವಾರ್ಡ್ ಸದಸ್ಯರು ಕೂರುವ ಮೊದಲೇ ಹೊಸ ಮಹಾಯೋಜನೆಯ ಕರಡು ಅಂತಿಮವಾಗುವುದು ಸರಿಯಲ್ಲ. ಜನಸಂಖ್ಯೆಯ ಲೆಕ್ಕದ್ದೂ ಇದೇ ಸ್ಥಿತಿ. 2011ರ ಗಣತಿಯ ಸುಮಾರು 84 ಲಕ್ಷದ ಮೇಲೆ ಅಂದಾಜು ಕಟ್ಟುವ ಬದಲು 2027ರ ಗಣತಿಯ ಅಂಕಿಗಳಿಗೆ ಜಾಗ ಬಿಟ್ಟು ಯೋಜನೆ ಬರೆಯುವುದು ಮೇಲು. ಅಷ್ಟರೊಳಗೆ ವಾರ್ಡುವಾರು ಹಾಲಿ ಭೂಬಳಕೆ ನಕ್ಷೆಯನ್ನು ಜನರಿಂದ ತಿದ್ದಿಸಿಕೊಳ್ಳಲು ಸಮಯವೂ ಸಿಗುತ್ತದೆ.

ಒಪ್ಪಿಗೆ ಸಿಕ್ಕ ದಿನಕ್ಕೆ ಜನರ ಪಾಲು ಮುಗಿಯುವುದಿಲ್ಲ. ಕಾಯ್ದೆಯ 14ಎ ಕಲಮಿನಂತೆ ಯೋಜನೆ ಜಾರಿಯಲ್ಲಿರುವಾಗಲೂ ಒಂದೊಂದು ಜಾಗದ ಬಳಕೆಯನ್ನು ಬದಲಿಸಬಹುದು. ಜನರಿಗೆ ತಿಳಿಸುವ ಮಟ್ಟಿಗೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆದರೆ ಸಾಕು. ಪುಟದ ಮೂಲೆಯ ಆ ಸಣ್ಣ ಅಕ್ಷರಗಳು, ಎದುರಿನ ಹಸಿರು ಜಾಗ ಹಳದಿಯಾಗಲಿದೆ ಎಂಬ ಸುದ್ದಿಯನ್ನು ಅದೇ ಬೀದಿಯವರಿಗೆ ಮುಟ್ಟಿಸುವುದು ಅಪರೂಪ. ಇಂಥ ಒಂದೊಂದೇ ಬದಲಾವಣೆ ಸೇರಿ ಹತ್ತು ವರ್ಷದಲ್ಲಿ ಮೂಲ ನಕ್ಷೆಯ ಗುರುತೇ ಸಿಗದಂತಾಗುತ್ತದೆ. ಬದಲಾವಣೆ ಕೋರಿದ ಜಾಗದಲ್ಲೇ ದೊಡ್ಡ ಅಕ್ಷರದ ಫಲಕ ನೆಡಬೇಕು. ಸರ್ವೆ ನಂಬರ್, ಈಗಿನ ಬಳಕೆ, ಕೇಳಿರುವ ಬಳಕೆ, ಆಕ್ಷೇಪಣೆಗೆ ಕೊನೆಯ ದಿನ ಅದರಲ್ಲಿರಬೇಕು. ಆದ ಬದಲಾವಣೆಯನ್ನು ದಿನಾಂಕ ಮತ್ತು ಕಾರಣದೊಡನೆ ವಾರ್ಡ್ ಕಚೇರಿಯ ಗೋಡೆಯ ನಕ್ಷೆಯಲ್ಲಿ ಗುರುತಿಸುತ್ತ ಹೋಗಬೇಕು. ಮುಂದಿನ ಪರಿಷ್ಕರಣೆಗೆ ಕೂರುವವರಿಗೆ ಹಾಲಿ ಭೂಬಳಕೆಯ ಅರ್ಧ ಲೆಕ್ಕ ಆ ಗೋಡೆಯ ಮೇಲೆಯೇ ಸಿಗುತ್ತದೆ.